ಬಸ್ಸಿನಲ್ಲಿ ಅವರ ಪಕ್ಕದ ಸೀಟು

ಅವರ ಹನ್ನೊಂದನೇ ದಿನದ ಕಾರ್ಯ ಇನ್ನೂ ಆಗಿರಲಿಲ್ಲ. ಅಷ್ಟರಲ್ಲೇ ಸರ್ಕಾರಿ ವಕೀಲರು ಕೋರ್ಟಿಗೆ ಒಂದು ಮೆಮೊ ಹಾಕಿದರು. ವಾದಿ ತೀರಿಕೊಂಡಿದ್ದಾರೆ, ಅವರ ಖಾಸಗಿತನಕ್ಕೆ ಧಕ್ಕೆಯಾಯಿತೆಂಬ ದೂರೂ ಅವರ ಜೊತೆಗೇ ಹೋಯಿತು, ಆದ್ದರಿಂದ ದಾವೆಯನ್ನು ಮುಗಿಸಬೇಕು ಎಂದು. ಗುಮಾಸ್ತ ಅದರ ಪ್ರತಿಯನ್ನು ನನ್ನ ಟೇಬಲ್ಲಿನ ಮೇಲಿಟ್ಟಾಗ ಮೈಯೆಲ್ಲ ಉರಿದುಹೋಯಿತು. ಮನುಷ್ಯನ ಬೂದಿ ಆರುವವರೆಗಾದರೂ ಕಾಯಬಾರದಿತ್ತೇ ಎಂದು ಬಾಯಿಬಿಟ್ಟೇ ಬೈದೆ. ಗುಮಾಸ್ತ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋದ. ಮೆಮೊದ ಕೊನೆಯಲ್ಲಿ ಇನ್ನೊಂದು ಸಾಲೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ, ಏಕೆಂದರೆ ಅದು ಅರ್ಥವಾಗಬೇಕಾದರೆ ಮೊದಲು ಅವರು ಗೊತ್ತಾಗಬೇಕು.

ಅವರು ಗುಂಡ್ಲುಪೇಟೆಯಿಂದ ನಾಲ್ಕು ಪುಟದ ಒಂದು ವಾರಪತ್ರಿಕೆ ತರುತ್ತಿದ್ದರು. ನಾನು ಚಾಮರಾಜನಗರದ ಕೋರ್ಟಿನಲ್ಲಿ ವಕೀಲೆ, ಬೇಗೂರಿನ ಕಡೆಯವಳು, ಬಾಯಿ ಜೋರು ಎಂದು ಹೆಸರಾದವಳು. ಸರ್ಕಾರದ ಮೇಲೆ ಅವರು ಹೂಡಿದ ದಾವೆಯನ್ನು ನಡೆಸುತ್ತಿದ್ದವಳೂ ನಾನೇ. ಎರಡೂ ಊರಿನ ಜನ ಅವರನ್ನು ಪೇಪರಣ್ಣ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರೇ ಎದ್ದು ಬಂದು ಬೈಯುತ್ತಾರೆ. "ಎಸ್ರು ಬ್ಯಾಡ, ಇಚಾರ ಏಳು" ಎಂಬುದು ಅವರು ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು.

ಅವರಿಗೆ ಕಚೇರಿ ಎಂಬುದಿರಲಿಲ್ಲ. ಬೆಳಗ್ಗೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ, ಮಧ್ಯಾಹ್ನದ ಮೇಲೆ ಅಲ್ಲಿಂದ ವಾಪಸ್ಸು, ಕೆಂಪು ಬಸ್ಸೇ ಅವರ ಕಚೇರಿ. ಹಿಂದುಗಡೆ ಕಿಟಕಿ ಪಕ್ಕ ಕೂರುತ್ತಿದ್ದರು. ಪಕ್ಕದ ಸೀಟಿನ ಮೇಲೆ ಬಟ್ಟೆಯ ಬ್ಯಾಗು. ಯಾರಾದರೂ ಬಂದು ನಿಂತರೆ ಮುಖ ಎತ್ತಿ ನೋಡುತ್ತಿರಲಿಲ್ಲ. ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು "ಕೂತ್ಕೊ ತಾಯಿ" ಅಥವಾ "ಕೂತ್ಕಳಪ್ಪ" ಎಂದು ಕಿಟಕಿಯ ಕಡೆ ತಿರುಗುತ್ತಿದ್ದರು. ಹೊರಗೆ ಚೆಂಡು ಹೂವಿನ ಹೊಲ, ಅರಿಸಿನದ ಹೊಲ. ಪಕ್ಕದಲ್ಲಿ ಕೂತವರು ಮುಂದಿನ ಸೀಟಿನ ಬೆನ್ನಿಗೆ ಹೇಳಿಕೊಂಡಂತೆ ತಮ್ಮ ಊರಿನ ಅನ್ಯಾಯ ಹೇಳಿ, ಎರಡು ಸ್ಟಾಪು ದಾಟಿ ಇಳಿದುಹೋಗುತ್ತಿದ್ದರು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಅವರಿಗೆ ಸುದ್ದಿಗೆ ಬರವೇ ಇರಲಿಲ್ಲ. "ಸರ್ಕಾರ ಹೆಂಗುಸ್ರಿಗೆ ಪುಗಸಟ್ಟೆ ಟಿಕೀಟು ಕೊಟ್ಟು ನನ್ ಪೇಪರ್ ಉದ್ದಾರ ಮಾಡ್ತು ಕನ ಲಾಯರಮ್ಮ" ಎಂದು ನಗುತ್ತಿದ್ದರು.

ಸರ್ಕಾರಿ ಕಚೇರಿಗಳಲ್ಲಿ ಟೀ ಕುಡಿಯುತ್ತಿರಲಿಲ್ಲ. ಯಾರಾದರೂ ಬಲವಂತ ಮಾಡಿದರೆ, "ಟೀ ಕುಡುದ್ರೆ ಬಾಯಿ ಬೆಚ್ಚಗಾಯ್ತದ, ಬೆಚ್ಚಗಾದ್ರೆ ಬಿಚ್ಕತದ" ಎನ್ನುತ್ತಿದ್ದರು. ಆ ಕಚೇರಿಯ ಗೇಟು ದಾಟಿದ ಕೂಡಲೇ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಎರಡು ಲೋಟ ಒಂದರ ಹಿಂದೊಂದು ಕುಡಿಯುತ್ತಿದ್ದರು, ಅದು ಬೇರೆ ಮಾತು.

ಎಲ್ಲಾ ರಗಳೆಗೂ ಮೂಲ ಒಂದು ಊಟ. ಹರವೆ ಕಡೆಯ ಒಂದು ಹಳ್ಳಿಯಲ್ಲಿ ಸ್ಕೂಲಿನ ಹಿಂದೆಯೇ ಕರಿಕಲ್ಲಿನ ಕ್ವಾರಿ ಶುರುವಾಗುವುದರಲ್ಲಿತ್ತು. ಸ್ಕೂಲಿನ ಹತ್ತಿರ ಸಿಡಿಮದ್ದು ಇಡುವಂತಿಲ್ಲ. ಹಾಗಾಗಿ ತಪಾಸಣೆಗೆ ಬಂದ ಅಧಿಕಾರಿಗಳು, ಅಲ್ಲಿರುವುದು ಪಾಳುಬಿದ್ದ ಕಟ್ಟಡ, ಮಕ್ಕಳು ಯಾರೂ ಬರುವುದಿಲ್ಲ ಎಂದು ವರದಿ ಬರೆದುಕೊಟ್ಟರು. ಆದರೆ ತಪಾಸಣೆಯ ದಿನ ಅವರು ಮಧ್ಯಾಹ್ನ ಅದೇ ಸ್ಕೂಲಿನ ಜಗುಲಿಯಲ್ಲಿ ಮಕ್ಕಳ ಸಾಲಿನಲ್ಲಿ ಕೂತು ಬಿಸಿಯೂಟ ಉಂಡಿದ್ದರು. ಸಾರು ಚೆನ್ನಾಗಿದೆ ಎಂದು ಇನ್ನೊಂದು ಸಲ ಹಾಕಿಸಿಕೊಂಡಿದ್ದರು. 'ಇಲ್ಲದ ಸ್ಕೂಲಿನಲ್ಲಿ ಸಾರು ಉಂಡ ಸಾಹೇಬರು' ಎಂದು ಪೇಪರಣ್ಣ ಮೊದಲ ಪುಟದಲ್ಲೇ ಹಾಕಿದರು. ಜಿಲ್ಲೆಯೆಲ್ಲ ನಗಾಡಿತು. ಕ್ವಾರಿಯ ಕೆಲಸ ನಿಂತಿತು. ನಗೆಪಾಟಲಾದವರು ಸುಮ್ಮನಿರುತ್ತಾರೆಯೇ?

ಒಂದು ವಾರ ಅವರ ಹಿಂದೆ ಒಂದು ಬೈಕು ಸುತ್ತಿತು. ಆಮೇಲೆ ಒಂದು ಮಧ್ಯಾಹ್ನ ವಾಪಸ್ಸು ಹೋಗುವ ಬಸ್ಸನ್ನು ದಾರಿಯಲ್ಲಿ ಅಡ್ಡ ಹಾಕಿ, ಮಫ್ತಿಯಲ್ಲಿದ್ದ ಪೊಲೀಸರು ಹತ್ತಿದರು. ಕಂಡಕ್ಟರ್ ನನಗೆ ಹೇಳಿದ್ದು: ಸೀದಾ ಹಿಂದಕ್ಕೆ ಹೋಗಿ ಫೋನು ಕೊಡು ಅಂದರಂತೆ. ಇವರು, "ಕೊಡ್ತೀನಿ, ತಕಂಡಿವಿ ಅಂತ ಒಂದು ಚೀಟಿ ಕೊಡಿ" ಅಂದರಂತೆ. ಚೀಟಿ ಕೊಡಲಿಲ್ಲ. ಜೇಬಿಗೇ ಕೈ ಹಾಕಿ ತೆಗೆದುಕೊಂಡರು. ಬಸ್ಸು ತುಂಬ ಜನ. ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಸುಳ್ಳು ಸುದ್ದಿ ಹರಡಿದರು, ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದರು ಎಂದು ಕೇಸು ಹುಟ್ಟಿದ್ದು ಆಮೇಲೆ.

ಗುಂಡಿ ಒತ್ತುವ ಹಳೆಯ ಫೋನು ಅದು, ಬೀಗ ಗೀಗ ಏನೂ ಇರಲಿಲ್ಲ. ಮಾರನೇ ದಿನ ನನ್ನ ಆಫೀಸಿಗೆ ಬಂದಾಗ ಅವರು ಗಾಬರಿಯಾಗಿರಲಿಲ್ಲ. "ಏನಾರ ಇದ್ರೆ ತಾನೆ ಸಿಕ್ಕದು? ಒಂದು ಎಸ್ರು ಇಲ್ಲ, ಒಂದು ಮೆಸೇಜಿಲ್ಲ. ನಾನು ಫೋನಲ್ಲಿ ಮಾತೇ ಆಡದಿಲ್ವಲ್ಲ" ಎಂದರು. ನಾನೂ ಸರಿ ಬಿಡಿ ಎಂದುಕೊಂಡೆ.

ಸಿಕ್ಕಿದ್ದು ಮಿಸ್ಡ್ ಕಾಲು. ನಮ್ಮ ಕಡೆ ಮಿಸ್ಡ್ ಕಾಲು ಎನ್ನುವುದು ಒಂದು ಭಾಷೆ. ಕರೆನ್ಸಿಗೆ ಕಾಸಿಲ್ಲದ ಕಾಲದಲ್ಲಿ ಕಲಿತದ್ದು, ಈಗ ಮಾತು ಸೋವಿಯಾದರೂ ಚಾಳಿ ಹೋಗಿಲ್ಲ. ಒಂದು ರಿಂಗ್ ಕೊಟ್ಟರೆ ಮನೆ ಸೇರಿದೆ ಅಂತ, ಎರಡು ಕೊಟ್ಟರೆ ಕರೆಂಟು ಬಂತು ಮೋಟಾರು ಹಾಕು ಅಂತ. ಪೇಪರಣ್ಣನಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ, ಇವತ್ತು ನಿಮ್ಮ ಬಸ್ಸು ಹತ್ತುತ್ತೇನೆ, ಸೀಟು ಇಟ್ಟಿರಿ ಅಂತ. ಎತ್ತದೇ ಇದ್ದ ಫೋನು ಯಾವ ಸಾಕ್ಷಿ ಹೇಳೀತು ಎಂದು ಅವರೂ ನಂಬಿದ್ದರು, ರಿಂಗ್ ಕೊಡುವವರೂ ನಂಬಿದ್ದರು. ಸುದ್ದಿ ಅಚ್ಚಾದ ವಾರದಲ್ಲಿ ಒಂದೇ ನಂಬರಿನಿಂದ ಮತ್ತೆ ಮತ್ತೆ ಬಂದ ರಿಂಗು ಫೋನಿನಲ್ಲಿ ಸಾಲಾಗಿ ಕೂತಿತ್ತು.

ಆ ನಂಬರು ಸ್ಕೂಲಿನ ಅಡುಗೆಯಾಕೆಯದು. ಗಂಡ ಇಲ್ಲದ ಹೆಂಗಸು, ಮಗಳು ಕಾಲೇಜಿಗೆ ಹೋಗುತ್ತಾಳೆ. ಚಾಮರಾಜನಗರ ಗುಂಡ್ಲುಪೇಟೆ ದಾರಿಯಲ್ಲಿ ಅವಳ ತವರು, ಬಸ್ಸು ಹತ್ತಲು ಅದೇ ನೆಪ. ಫೋನು ಕಿತ್ತುಕೊಂಡ ಮಾರನೇ ದಿನವೇ ಒಬ್ಬ ಪೊಲೀಸು ಅವಳ ಮನೆ ಬಾಗಿಲಿಗೆ ಬಂದು, "ಪೇಪರ್ನೋನ್ಗೆ ರಿಂಗ್ ಕೊಟ್ಟು ಕೊಟ್ಟು ಕಟ್ ಮಾಡ್ತಿದ್ಯಲ್ಲ, ಏನಮ್ಮಾ ವ್ಯವಹಾರ?" ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದ. ಆ ವಾರದ ಕೊನೆಗೆ, ಅಡುಗೆಮನೆ ಶುಚಿಯಾಗಿಲ್ಲ, ನಾಳೆಯಿಂದ ಬರಬೇಡ ಎಂದು ಅವಳನ್ನು ಬಿಡಿಸಿದರು. ಸಾಹೇಬರು ಎರಡು ಸಲ ಹಾಕಿಸಿಕೊಂಡು ಉಂಡ ಅಡುಗೆಮನೆ ಅದು!

ಈ ಸುದ್ದಿ ಕಿವಿಗೆ ಬಿದ್ದ ದಿನ ಪೇಪರಣ್ಣ ನನ್ನ ಆಫೀಸಿನ ಬೆಂಚಿನ ಮೇಲೆ ಕೂತು ಬ್ಯಾಗನ್ನು ಎದೆಗೆ ಅವಚಿಕೊಂಡಿದ್ದರು. "ನಾನು ಭಾಳ ಬುದ್ಧಿವಂತ ಅಂದ್ಕಂಡಿದ್ದೆ ಲಾಯರಮ್ಮ. ಎತ್ತದೇ ಇರೋ ಫೋನೂ ಮಾತಾಡ್ಬುಡ್ತದ ಅಂತ ಗೊತ್ತಾಗ್ನಿಲ್ಲ. ಒಂದು ಮನೆ ಅನ್ನಕ್ಕೆ ಕಲ್ಲಾಕ್ಬುಟ್ಟೆ." ಅಷ್ಟು ವರ್ಷದಲ್ಲಿ ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ನಾನು ಕಾರಣವಿಲ್ಲದೆ ಗುಮಾಸ್ತನ ಮೇಲೆ ರೇಗಿದೆ.

ಬಸ್ಸಿನಲ್ಲಿ ಆ ಸೀಟು ಖಾಲಿಯಾಯಿತು. ನಿಂತುಕೊಂಡು ಹೋಗುವವರು ಇದ್ದರೂ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲ. ಒಂದೆರಡು ಸಲ ನಾನೇ ನೋಡಿದೆ. ಬ್ಯಾಗು ತೊಡೆಯ ಮೇಲೇ ಇರುತ್ತಿತ್ತು, ಪಕ್ಕದ ಸೀಟು ಬಿಕೋ ಅನ್ನುತ್ತಿತ್ತು. ಜನ ಅವರನ್ನು ಕಂಡು ನಮಸ್ಕಾರ ಮಾಡಿ ಮುಂದೆ ಹೋಗಿ ನಿಲ್ಲುತ್ತಿದ್ದರು. ಪತ್ರಿಕೆಯಲ್ಲಿ ಮದುವೆ, ಶ್ರದ್ಧಾಂಜಲಿ, ಜಯಂತಿಗಳ ಸುದ್ದಿ ಬಿಟ್ಟರೆ ಬೇರೆ ಇರಲಿಲ್ಲ.

ಆಗಲೇ ಅವರು ಹಟಕ್ಕೆ ಬಿದ್ದದ್ದು. ಸರ್ಕಾರದ ಮೇಲೆ ದಾವೆ ಹಾಕಿ ಎಂದರು. ಎಷ್ಟು ಪರಿಹಾರ ಕೇಳೋಣ ಎಂದೆ. "ದುಡ್ಡು ಯಾರಿಗ್ಬೇಕು? ಅಪ್ಪಣೆ ಇಲ್ದೆ ಒಬ್ಬ ಪತ್ರಕರ್ತನ ಫೋನ್ ಬಿಚ್ಚಿ ನೋಡ್ಬುಟ್ಟೋ, ತಪ್ಪಾಯ್ತು, ಇನ್ಮುಂದ ಮಾಡಕಿಲ್ಲ ಅಂತ ಸರ್ಕಾರ ಬರ್ದುಕೊಡ್ಬೇಕು. ಅದ್ನ ನಾನು ಬಸ್ಸಲ್ಲಿ ಅಂಟುಸ್ತೀನಿ. ಅದ ನೋಡಿ ಜನ ಮತ್ತೆ ಬಂದು ಕೂತ್ಕಬೇಕು" ಎಂದರು. ಸರ್ಕಾರ ತಪ್ಪಾಯಿತು ಎಂದು ಬರೆದುಕೊಡುವುದು ಕೋಣ ಕರು ಹಾಕಿದ ಹಾಗೆ ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಇದರ ನಡುವೆ ಒಬ್ಬ ಪೊಲೀಸ್ ಅಧಿಕಾರಿ ಕರೆಸಿದ. ನಾನೂ ಜೊತೆಗೆ ಹೋದೆ. ಕೇಸು ಬಿಡ್ತೀವಿ, ಫೋನೂ ಕೊಡ್ತೀವಿ, ದಾವೆ ವಾಪಸ್ ತಗೊಳ್ಳಿ ಎಂಬುದು ಒಪ್ಪಂದ. ಮಾತೆಲ್ಲ ಬೆಣ್ಣೆ. "ವಯಸ್ಸಾಯ್ತು ಅಣ್ಣ, ದಿನಾ ಬಸ್ಸಲ್ಲಿ ಓಡಾಡ್ತೀರಿ, ದಾರೀಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದ. ಅದು ಕಾಳಜಿಯೋ ಬೆದರಿಕೆಯೋ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಟೀ ಬಂತು. ಪೇಪರಣ್ಣ ಲೋಟವನ್ನು ಒಂದು ಬೆರಳಿನಿಂದ ಅವನ ಕಡೆಗೇ ಸರಿಸಿ, "ನೀವು ಕುಡೀರಿ ಸಾರ್, ನಿಮ್ ಬಾಯಿ ಬೆಚ್ಚಗಾಗ್ಲಿ" ಎಂದು ಎದ್ದರು. ಹೊರಗೆ ಬಂದು ಪೆಟ್ಟಿಗೆ ಅಂಗಡಿಯಲ್ಲಿ ಲೋಟ ಎತ್ತಿದಾಗ ಟೀ ಅವರ ಅಂಗಿಯ ಮೇಲೆ ತುಳುಕಿತು. ಅದನ್ನು ನಾನು ನೋಡಿದೆನೆಂದು ಅವರಿಗೂ ಗೊತ್ತಾಯಿತು. "ಸಕ್ರೆ ಕಾಯ್ಲೆ ಕನ" ಎಂದರು.

ಕೋರ್ಟಿನಲ್ಲಿ ಸರ್ಕಾರದ ಉತ್ತರ ಒಂದೇ: ಫೋನನ್ನು ವಶಪಡಿಸಿಕೊಂಡ ಕೂಡಲೇ ಸೀಲು ಮಾಡಿದ್ದೇವೆ, ಯಾರೂ ಬಿಚ್ಚಿ ನೋಡಿಲ್ಲ. ಬೇಲಿಯೇ ಹೊಲ ಮೇಯ್ದು, ಬಾಯಿ ಒರೆಸಿಕೊಂಡು ನಿಂತಿತ್ತು. ಬಿಚ್ಚಿ ನೋಡಿದ್ದಾರೆ ಎನ್ನುವುದಕ್ಕೆ ನಮ್ಮ ಕೈಯಲ್ಲಿ ಇದ್ದದ್ದು ಒಂದೇ ಸಾಕ್ಷಿ, ಆ ಅಡುಗೆಯಾಕೆ. ಮಿಸ್ಡ್ ಕಾಲಿನ ವಿಷಯ ಪೊಲೀಸರ ಬಾಯಿಗೆ ಬಂದದ್ದು ಫೋನಿನಿಂದಲ್ಲದೆ ಇನ್ನೆಲ್ಲಿಂದ? ಅವಳನ್ನು ಸಾಕ್ಷಿಗೆ ಕರೆದರೆ ಗೆಲ್ಲುತ್ತೇವೆ ಎಂದೆ.

"ಆಗದು" ಎಂದರು.

"ಎಲ್ಲಾರಿಗೂ ಗೊತ್ತಾಗಿಹೋಗಿದೆಯಲ್ಲ ಅಣ್ಣ, ಇನ್ನೇನು ಮುಚ್ಚಿಡೋದು?"

"ಅವ್ರು ಕದ್ದು ತಿಳ್ಕಂಡವ್ರ. ನಾನು ಏಳಿಲ್ಲ. ಎರಡೂ ಒಂದಾ?"

"ಹೇಳದೇ ಇದ್ರೆ ಸೋಲ್ತೀವಿ."

"ಸೋಲನ ಬುಡು. ಒಂದು ಕೇಸು ಓಯ್ತದ. ನನ್ ಬಾಯಿಂದ ಒಂದು ಎಸ್ರು ಬಂದ್ರೆ ಆ ಸೀಟೇ ಓಯ್ತದ. ಆಮೇಲೆ ಯಾವ ಕೋರ್ಟು ತಂದ್ಕೊಡ್ತದ ಅದ?"

ನನಗೆ ಸಿಟ್ಟು ನೆತ್ತಿಗೇರಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂದರೆ ಹೇಗೆ, ನಿಮ್ಮ ಕೇಸು ನೀವೇ ವಾದಿಸಿಕೊಳ್ಳಿ ಎಂದು ಫೈಲನ್ನು ಮುಚ್ಚಿದೆ. ಅವರು ನಮಸ್ಕಾರ ಮಾಡಿ ಬಸ್ ಸ್ಟ್ಯಾಂಡಿಗೆ ನಡೆದರು. ಫೈಲನ್ನು ನಾನು ಸಂಜೆಗೆ ಮತ್ತೆ ತೆರೆದೆ.

ಮುಂದಿನದನ್ನು ಹೇಳಿದವನೂ ಕಂಡಕ್ಟರೇ. ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಹೊರಡುವ ಹೊತ್ತಿಗೆ ಒಬ್ಬ ಹೆಂಗಸು ಹತ್ತಿ, ಮುಂದೆ ಖಾಲಿ ಸೀಟಿದ್ದರೂ ಬಿಟ್ಟು, ಹಿಂದಕ್ಕೆ ಹೋಗಿ ಪೇಪರಣ್ಣನ ಪಕ್ಕ ನಿಂತಳಂತೆ. ಅವರು ತಲೆ ಎತ್ತಲಿಲ್ಲ. ಅವಳು ಇಡೀ ಬಸ್ಸಿಗೆ ಕೇಳುವಂತೆ, "ಯಾರೂ ಕೂತ್ಕಳಕಿಲ್ವಂತಲ್ಲ ನಿಮ್ ಪಕ್ಕದಲ್ಲಿ? ಜರುಗಣ್ಣ ಅತ್ಲಾಗಿ, ನಾನು ಕೂತ್ಕತೀನಿ. ನನ್ನೇನ್ ಕಿತ್ಕಂಡಾರು ಇನ್ನ? ಸೌಟು ಕಿತ್ಕಂಡಾಯ್ತು" ಎಂದಳಂತೆ. ಅವರು ಕಿಟಕಿಯ ಕಡೆ ತಿರುಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ತವರಿನ ಸ್ಟಾಪು ಬಂದರೂ ಅವಳು ಇಳಿಯಲಿಲ್ಲ. ಗುಂಡ್ಲುಪೇಟೆಯವರೆಗೂ ಕೂತು ಹೋದಳು.

ಆ ವಾರವೇ ಅಡುಗೆಯಾಕೆ ನನ್ನ ಆಫೀಸಿಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. "ಆ ಅಣ್ಣ ನನ್ ಎಸ್ರು ಏಳಕಿಲ್ವಂತಲ್ಲವ್ವ. ಅವ್ರು ಏಳದ್ ಬ್ಯಾಡ. ನಾನೇ ಏಳ್ಕತೀನಿ. ನನ್ನೂ ಆ ಕೇಸ್ಗೆ ಸೇರ್ಸಿ" ಎಂದಳು. ನಾನು ಎದ್ದು ಹೋಗಿ ಅವಳ ಕೈ ಹಿಡಿದುಕೊಂಡೆ. ಆ ಕೈ ತುಂಬ ಒಲೆಯ ಸುಟ್ಟ ಕಲೆ. ಕೋರ್ಟಿನ ಅಪ್ಪಣೆ ಪಡೆದು ಅವಳನ್ನು ಎರಡನೇ ವಾದಿ ಎಂದು ಸೇರಿಸಿದೆವು. ಪೇಪರಣ್ಣ ನನ್ನ ಜೊತೆ ಮೂರು ದಿನ ಮಾತು ಬಿಟ್ಟರು.

ಅವಳ ಸಾಕ್ಷಿಯ ದಿನವನ್ನು ನಾನು ಸಾಯುವತನಕ ಮರೆಯುವುದಿಲ್ಲ. ರಿಂಗ್ ಕೊಟ್ಟೋಳು ನಾನೇ, ಸಾರು ಬಡಿಸಿದೋಳೂ ನಾನೇ ಎಂದು ಕಟಕಟೆಯಲ್ಲಿ ನಿಂತು ಹೇಳಿದಳು. ಸರ್ಕಾರಿ ವಕೀಲರು, ಇವಳು ಹೇಳಿಕೊಟ್ಟ ಸಾಕ್ಷಿ, ಮೊದಲನೇ ವಾದಿಯನ್ನೇ ಕೇಳಬೇಕು ಎಂದರು. ನ್ಯಾಯಾಧೀಶರು ಪೇಪರಣ್ಣನನ್ನು ಕರೆದು, ಸುದ್ದಿ ಕೊಟ್ಟದ್ದು ಈ ಹೆಂಗಸೇ ಏನು ಎಂದು ಕೇಳಿದರು. ಹೌದು ಎಂದರೆ ಮುಗಿಯಿತು. ಹೇಳಿಬಿಡು ಪುಣ್ಯಾತ್ಮ ಎಂದು ಒಳಗೇ ಬೇಡಿಕೊಂಡೆ.

"ಆಯಮ್ಮ ಏಳ್ಬೋದು ಸ್ವಾಮಿ. ಅದು ಅವ್ರ ಎಸ್ರು. ನಾನು ಏಳಂಗಿಲ್ಲ" ಎಂದರು.

"ಅವರೇ ಎದುರಿಗೆ ನಿಂತು ಒಪ್ಕೊಂಡಿದ್ದಾರಲ್ಲ?"

"ಇವತ್ತು ಇವ್ರು ಒಪ್ಕಂಡವ್ರ ಅಂತ ನಾನು ಏಳುದ್ರೆ, ನಾಳೆ ಒಪ್ಪದೇ ಇರೋರ ಎಸ್ರೂ ಏಳು ಅಂತೀರಿ ಸ್ವಾಮಿ. ತಪ್ಪಾದ್ರೆ ನನ್ನ ಒಳಕ್ಕಾಕಿ."

ನ್ಯಾಯಾಧೀಶರು ಕೇಸನ್ನು ಬೇರೆ ದಿನಕ್ಕೆ ಮುಂದೂಡಿದರು. ಹೊರಗೆ ಬಂದ ಮೇಲೆ ನಾನು ಬಾಯಿಗೆ ಬಂದಂತೆ ಬೈದೆ. ಅಡುಗೆಯಾಕೆ ನನ್ನನ್ನು ತಡೆದು, "ಬುಡವ್ವ, ಅವ್ರು ಅಂಗಿರದ್ಕೇ ಅಲ್ವಾ ನಾನು ಓಗಿ ಕೂತ್ಕಂಡದ್ದು" ಎಂದಳು. ಓದಿದ ಕಾನೂನೆಲ್ಲ ಒಂದು ಕಡೆ, ಈ ಇಬ್ಬರೂ ಒಂದು ಕಡೆ ಆಗಿಬಿಟ್ಟರಲ್ಲ ಎಂದು ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಮುಂದಿನ ದಿನಾಂಕ ಬರುವ ಮೊದಲೇ ಅವರು ಹೋದರು. ಬಸ್ಸಿಗೆಂದು ಹೊರಟು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಕುಸಿದರಂತೆ. ಡಾಕ್ಟರು ಹೃದಯ ಎಂದರು. ಗುಂಡ್ಲುಪೇಟೆಯ ಸಂತಾಪ ಸಭೆಗೆ ಆ ಪೊಲೀಸ್ ಅಧಿಕಾರಿಯೂ ಹಾರ ಹಿಡಿದು ಬಂದು, ನಿರ್ಭೀತ ಪತ್ರಕರ್ತ ಎಂದು ಮೈಕಿನಲ್ಲಿ ಹೊಗಳಿದ. ನಾನು ಎದ್ದು ಹೊರಗೆ ಹೋದೆ. ಇನ್ನೊಂದು ನಿಮಿಷ ಕೂತಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಈಗ ಮೆಮೊದ ಕೊನೆಯ ಸಾಲು ಹೇಳುತ್ತೇನೆ. 'ಎರಡನೇ ವಾದಿಗೂ ದಾವೆ ಮುಂದುವರಿಸುವ ಆಸಕ್ತಿ ಇಲ್ಲವೆಂದು ತಿಳಿದುಬಂದಿದೆ.' ತಿಳಿದುಬಂದದ್ದು ಹೇಗೆಂದು ವಿಚಾರಿಸಿದೆ. ಊರಿನ ದೊಡ್ಡವರೊಬ್ಬರು ಅವಳ ಮನೆಗೆ ಹೋಗಿ, ಪೇಪರಣ್ಣನೇ ಹೋದ ಮೇಲೆ ನಿನಗ್ಯಾಕೆ ಕೋರ್ಟು, ಸುಮ್ಮನಿದ್ದರೆ ಸ್ಕೂಲಿನ ಕೆಲಸ ವಾಪಸ್ಸು ಎಂದಿದ್ದರು. ಅವಳು ಏನಂದಳೋ ಯಾರಿಗೂ ಗೊತ್ತಿಲ್ಲ. ಫೋನು ಮಾಡಿದೆ, ಸ್ವಿಚ್ ಆಫ್. ಮರುದಿನವೂ ಸ್ವಿಚ್ ಆಫ್. ನಾನು ಅವಳನ್ನು ಬೈದುಕೊಳ್ಳಲಿಲ್ಲ. ಮಗಳ ಓದಿದೆ, ಕೆಲಸ ಸಿಗುತ್ತದೆ, ಯಾವ ಬಾಯಲ್ಲಿ ಬಾ ಎನ್ನಲಿ? ಆದರೆ ಅವಳು ಬಾರದಿದ್ದರೆ, ಫೋನು ಬಿಚ್ಚಿದ್ದು ಯಾರು ಎಂಬ ಪ್ರಶ್ನೆಯನ್ನು ಸರ್ಕಾರಕ್ಕೆ ಇನ್ನು ಯಾರೂ ಕೇಳುವಂತಿರಲಿಲ್ಲ.

ಮೆಮೊ ವಿಚಾರಣೆಯ ದಿನ ನಾನು ಒಬ್ಬಳೇ ಹೋಗಿ ಕೂತೆ. ಪಕ್ಕದ ಕುರ್ಚಿಯ ಮೇಲೆ ನನ್ನ ಕರಿ ಬ್ಯಾಗು ಇಟ್ಟೆ. ಸರ್ಕಾರಿ ವಕೀಲರು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ನಮ್ಮ ಕೇಸು ಬಂತು. ಜವಾನ ಬಾಗಿಲಿಗೆ ಹೋಗಿ ಎರಡನೇ ವಾದಿಯ ಹೆಸರು ಕೂಗಿದ. ಪೇಪರಣ್ಣ ಜೈಲಿಗೆ ಹೋಗಲು ಸಿದ್ಧರಾದರೂ ಬಾಯಿ ಬಿಟ್ಟು ಹೇಳದಿದ್ದ ಹೆಸರು ಕಾರಿಡಾರಿನ ತುಂಬ ಕೇಳಿಸಿತು. ಯಾರೂ ಬರಲಿಲ್ಲ. ಎರಡನೇ ಸಲ ಕೂಗಿದ. ಯಾರೂ ಇಲ್ಲ. ನ್ಯಾಯಾಧೀಶರು ಪೆನ್ನು ಎತ್ತಿಕೊಂಡರು. ನಾನು ಕಣ್ಣು ಮುಚ್ಚಿಕೊಂಡೆ. ಮೂರನೇ ಸಲ ಕೂಗುತ್ತಿದ್ದ ಹಾಗೆಯೇ ಮೆಟ್ಟಿಲ ಕಡೆಯಿಂದ ಏದುಸಿರಿನ ದನಿ ಬಂತು.

"ಇವ್ನಿ ಸ್ವಾಮಿ, ಇವ್ನಿ. ಬಸ್ಸು ತಡ ಆಯ್ತು."

ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಬಂದು ಕೈ ಮುಗಿದಳು. ದಾವೆ ಮುಂದುವರಿಸುತ್ತೀರಾ ಎಂದು ನ್ಯಾಯಾಧೀಶರು ಕೇಳಿದರು.

"ನಾನು ರಿಂಗ್ ಕೊಟ್ಟದ್ದು ಆ ಅಣ್ಣಂಗೆ. ಅದು ಪೊಲೀಸ್ನೋರ್ಗೆ ಎಂಗೆ ಕೇಳುಸ್ತು ಅಂತ ಸರ್ಕಾರ ಏಳ್ಲಿ ಸ್ವಾಮಿ. ಅಲ್ಲೀಗಂಟ ನಾನು ಓಗಕಿಲ್ಲ."

ಮೆಮೊ ತಿರಸ್ಕಾರವಾಯಿತು. ಫೋನಿಗೆ ಸೀಲು ಯಾವಾಗ ಯಾರ ಕೈಯಿಂದ ಬಿತ್ತು ಎಂಬುದನ್ನು ಪೊಲೀಸ್ ಅಧಿಕಾರಿಯೇ ಖುದ್ದಾಗಿ ಬಂದು ಪ್ರಮಾಣ ಮಾಡಿ ಹೇಳಬೇಕೆಂದು ಆದೇಶವಾಯಿತು. ಗೆದ್ದೆವೆಂದಲ್ಲ, ಕೇಸು ಉಳಿಯಿತು. ಸರ್ಕಾರಿ ವಕೀಲರು ಕಾಗದ ಜೋಡಿಸಿಕೊಳ್ಳತೊಡಗಿದರು.

"ಫೋನ್ ಯಾಕೆ ಆಫ್ ಮಾಡಿದ್ದೆ? ನನ್ನ ಜೀವ ಹೋಗಿ ಬಂತು" ಎಂದು ಪಿಸುಗುಟ್ಟಿ ಬೈದೆ.

"ಫೋನು ಮಡಿಕಂಡಿಲ್ಲ ಕಣವ್ವ ಈಗ. ಬತ್ತೀನಿ ಅಂದ್ಮೇಲೆ ಬತ್ತೀನಿ" ಎಂದು ಎಲ್ಲಿ ಕೂರಲಿ ಎನ್ನುವಂತೆ ಆಚೀಚೆ ನೋಡಿದಳು.

ನಾನು ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ.